ಒಲೆಗೆ ಹಾಕಿದ ಕೆಂಪು ಪಟ್ಟಿ

ದೆವ್ವ ಬಂದಿತ್ತು ಅಂತ ನಾನು ಹೇಳುವುದಿಲ್ಲ. ಬಂದಿರಲಿಲ್ಲ ಅಂತಲೂ ಹೇಳುವುದಿಲ್ಲ. ಆ ರಾತ್ರಿ ನಡೆದದ್ದು ಇಷ್ಟು: ಹೊಸ ಕಂಪ್ಯೂಟರಿಗೆ ಕಾಣದ ಏಳು ಮಂದಿಯನ್ನು, ನಾನೇ ಒಲೆಗೆ ಹಾಕಿ ಸುಟ್ಟಿದ್ದ ಒಂದು ಕಟ್ಟಿಗೆ ತುಂಡು ಎಣಿಸಿತು. ಆರು ಅಂತ ಎಣಿಸಿತು. ಆರೇ ಮಂದಿ ತಿರುಗಿ ಬಂದರು.

ನಾನು ಶಾಲೆಯ ಮುಖ ಕಂಡವಳಲ್ಲ. ಕಥೆ ಕಟ್ಟುವಷ್ಟು ಬುದ್ಧಿ ನನಗಿಲ್ಲ. ಕಂಡದ್ದನ್ನು ಹೇಳುತ್ತೇನೆ. ನಂಬುವವರು ನಂಬಲಿ.

ಬಿಜಾಪುರದ ಕಡೆಯಿಂದ ಗೋವಾಕ್ಕೆ ಕೂಲಿಗೆ ಬಂದವರು ನಾವು. ಗಂಡ ಸತ್ತ ಮೇಲೆ ನನಗೆ ವಿಮಾನ ನಿಲ್ದಾಣದ ಟವರಿನಲ್ಲಿ ಕಸ ಹೊಡೆಯುವ, ಚಹಾ ಮಾಡುವ ಕೆಲಸ ಸಿಕ್ಕಿತು. ಟವರು ಅಂದರೆ ಗುಡ್ಡದ ಮೇಲಿನ ಗಾಜಿನ ಕೋಣೆ. ಅಲ್ಲಿ ಕೂತ ಸಾಹೇಬರು ಹೇಳಿದರೆ ವಿಮಾನ ಇಳಿಯುತ್ತದೆ, ಹೇಳಿದರೆ ಏಳುತ್ತದೆ. ಹತ್ತಲು ಐವತ್ತೆರಡು ಮೆಟ್ಟಿಲು. ಹನ್ನೆರಡು ವರ್ಷ ದಿನಾ ಗುಡಿಸಿದ್ದೇನೆ. ಕಣ್ಣು ಕಟ್ಟಿ ಬಿಟ್ಟರೂ ಹತ್ತಿಯೇನು.

ನನ್ನ ಮಗಳು ಕಸ್ತೂರಿ ಕೆಳಗೆ ರನ್‌ವೇ ಮೇಲೆ ದುಡಿಯುತ್ತಿದ್ದಳು. ರಾತ್ರಿ ಎರಡು ವಿಮಾನಗಳ ನಡುವೆ ಬಿಡುವು ಸಿಕ್ಕಾಗ ಅವರ ಗ್ಯಾಂಗು ಓಡಿ ಹೋಗಿ ಬಿರುಕಿಗೆ ಡಾಂಬರು ತುಂಬಬೇಕು, ಉದುರಿದ ಖಡಿ ಆರಿಸಬೇಕು. ಒಂದು ಹರಳು ವಿಮಾನದ ಹೊಟ್ಟೆಗೆ ಹೋದರೂ ಅನಾಹುತವಂತೆ. ಗ್ಯಾಂಗು ನಡೆಸುವ ಮುಕಾದಮ ರುದ್ರಪ್ಪನನ್ನೂ ಹಿಡಿದು ಏಳು ಮಂದಿ. ಎಲ್ಲರೂ ನಮ್ಮ ಕಡೆಯವರೇ.

ಅವರಲ್ಲಿ ಹಣಮಪ್ಪ ಅಂತ ಒಬ್ಬ. ನಮ್ಮ ಮನೆಯ ಎದುರಿಗೇ ಅವನ ತಗಡಿನ ಪತ್ರಾಸ್ ಮನೆ. ಕಲ್ಲು ಒಡೆಯುವ ಖಡಿ ಮಷೀನಿನಲ್ಲಿ ದುಡಿದು ಕಿವಿ ಮಂದವಾಗಿತ್ತು. ಕಿವಿ ಹೋದರೂ ಬಾಯಿ ಗಟ್ಟಿ. ಕೆಲಸಕ್ಕೆ ಹೋಗುವಾಗ ನನ್ನ ಹತ್ತಿರ ಚಹಾ ಕುಡಿದೇ ಹೋಗುತ್ತಿದ್ದ, ಅದಕ್ಕೆ ಹೆಸರಿಟ್ಟೇ ಹೋಗುತ್ತಿದ್ದ.

“ನಿಂಗವ್ವಕ್ಕ, ಇದು ಚಾನೋ, ವಿಮಾನ ತೊಳದ ನೀರೋ?”

“ಕುಡಿ ಕುಡಿ. ಕುಡದ್ರ ನೀನೂ ಹಾರ್ತಿ.”

ಹೀಗೆ ನಮ್ಮ ಮಾತು.

ಆ ಕಾಲದಲ್ಲಿ ಟವರಿನ ದೊಡ್ಡ ಸಾಹೇಬರು ಬೋರ್ಕರ್ ಅಂತ. ಬೆಳಗಾವಿಯಲ್ಲಿ ನೌಕರಿ ಮಾಡಿ ಬಂದವರು, ನಮ್ಮ ಭಾಷೆ ಬರುತ್ತಿತ್ತು. ಬಾಯಲ್ಲಿ ಸದಾ ಲವಂಗ. ಅವರು ಬಂದು ಹೋದ ಮೆಟ್ಟಿಲಿನ ಮೇಲೂ ಲವಂಗದ ವಾಸನೆ ಉಳಿಯುತ್ತಿತ್ತು.

ಅವರ ಮುಂದೆ ಓರೆಯಾಗಿ ನಿಲ್ಲಿಸಿದ ಒಂದು ಹಲಗೆ. ಹಲಗೆಯಲ್ಲಿ ಒಂದರ ಕೆಳಗೆ ಒಂದು ಮನೆ, ಚೌಕಾಬಾರದ ಹಾಗೆ. ವಿಮಾನ ಬರುತ್ತದೆ ಅಂತ ಸುದ್ದಿ ಬಂದರೆ ಅದರ ಹೆಸರನ್ನು ಕಾಗದದ ಪಟ್ಟಿಯಲ್ಲಿ ಬರೆದು, ಪಟ್ಟಿಯನ್ನು ಪ್ಲಾಸ್ಟಿಕ್ಕಿನ ಕವಚಕ್ಕೆ ಸಿಗಿಸಿ ಮೇಲಿನ ಮನೆಯಲ್ಲಿ ಇಡುವರು. ವಿಮಾನ ಹತ್ತಿರ ಬಂದಂತೆ ಪಟ್ಟಿ ಕೆಳಗಿನ ಮನೆಗೆ ಜಾರಬೇಕು. ಟಕ್. ಇನ್ನೂ ಕೆಳಗೆ. ಟಕ್. ಎಲ್ಲಕ್ಕಿಂತ ಕೆಳಗಿನ ಮನೆ ಅಂದರೆ ರನ್‌ವೇ. ಆ ಮನೆಯಲ್ಲಿ ಒಂದೇ ಪಟ್ಟಿಗೆ ಜಾಗ.

ನಮ್ಮ ಗ್ಯಾಂಗಿಗೆ ಅಂತಲೇ ಬೋರ್ಕರ್ ಸಾಹೇಬರು ಒಂದು ಪಟ್ಟಿ ಮಾಡಿಸಿದ್ದರು. ಅಂಗೈ ಉದ್ದದ ಕಟ್ಟಿಗೆ, ಕೆಂಪು ಬಣ್ಣ, ತುದಿಗೆ ತಗಡಿನ ಕಟ್ಟು. ರನ್‌ವೇ ಹತ್ತಿರದ ಶೆಡ್ಡಿನಿಂದ ರುದ್ರಪ್ಪ ಫೋನು ಮಾಡಿ ಇಷ್ಟು ಮಂದಿ ಇಳಿಯುತ್ತಿದ್ದೇವೆ ಅಂದಕೂಡಲೆ ಆ ಕಟ್ಟಿಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಅಂಕಿ ಬರೆದು, ಕೆಳಗಿನ ಮನೆಗೆ ಕೂಡಿಸಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅನ್ನುವರು: “ಮಂದಿ ಅದಾರ.”

ಕೆಂಪು ಪಟ್ಟಿ ಕೂತ ಮೇಲೆ ಅಲ್ಲಿ ವಿಮಾನದ ಪಟ್ಟಿ ಇಡುತ್ತೇನೆ ಅಂದರೂ ಜಾಗವಿಲ್ಲ. ಪಟ್ಟಿಗೆ ಜಾಗವಿಲ್ಲ ಅಂದರೆ ವಿಮಾನಕ್ಕೂ ಇಲ್ಲ. ಗ್ಯಾಂಗು ತಿರುಗಿ ಬಂತು, ತಲೆ ಎಣಿಸಿದೆ ಅಂತ ರುದ್ರಪ್ಪ ಫೋನು ಮಾಡುವವರೆಗೆ ಆ ಕೆಂಪು ಪಟ್ಟಿ ಅಲ್ಲಿಂದ ಏಳುತ್ತಿರಲಿಲ್ಲ. ನಾನು ಪುಸ್ತಕ ಓದಲಾರೆ. ಆ ಹಲಗೆಯನ್ನು ಓದುತ್ತಿದ್ದೆ. ಕೆಂಪು ಕೂತಿದ್ದರೆ ನನ್ನ ಮಗಳು ರನ್‌ವೇ ಮೇಲೆ ಇದ್ದಾಳೆ. ಇಲ್ಲದಿದ್ದರೆ ಶೆಡ್ಡಿನಲ್ಲಿ ಕಾಲು ಚಾಚಿದ್ದಾಳೆ.

ಆಮೇಲೆ ಚಾರ್ಟರ್ ವಿಮಾನಗಳು ಬರತೊಡಗಿದವು. ಚಳಿಗಾಲ ಬಂತೆಂದರೆ ಬಿಳಿಯ ಜನರನ್ನು ತುಂಬಿಕೊಂಡು ರಾತ್ರಿಯೆಲ್ಲ. ಒಂದು ಇಳಿಯುವುದರೊಳಗೆ ಇನ್ನೊಂದು ಸಮುದ್ರದ ಮೇಲೆ ಸುತ್ತುತ್ತಿತ್ತು. ರನ್‌ವೇ ಒಂದೇ. ಇನ್ನೊಂದು ಮಾಡಲು ಗುಡ್ಡದ ಮೇಲೆ ನೆಲವಿಲ್ಲ. ಅದಕ್ಕೆ ಕಂಪ್ಯೂಟರ್ ತರಿಸಿದರು. ಯಾವ ವಿಮಾನ ಮುಂದೆ, ಯಾವುದು ಹಿಂದೆ, ನಡುವೆ ಎಷ್ಟು ನಿಮಿಷ ಅಂತ ಅದೇ ಲೆಕ್ಕ ಹಾಕುತ್ತದೆ, ಮೊದಲು ಒಂದು ಇಳಿಯುತ್ತಿದ್ದ ಹೊತ್ತಿನಲ್ಲಿ ಇನ್ನು ಎರಡು ಇಳಿಯುತ್ತವೆ ಅಂತ ಸಾಹೇಬರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಮೇಜು ಒರೆಸುತ್ತ ನಾನೂ ಕೇಳಿಸಿಕೊಂಡೆ.

ಬೋರ್ಕರ್ ಸಾಹೇಬರು ಆ ಪರದೆಯನ್ನು ಬಹಳ ಹೊತ್ತು ನೋಡಿದರು. ಜೋಡಿಸಲು ಬಂದವರಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವರು ನಕ್ಕರು. ಸಾಹೇಬರು ನನ್ನ ಕಡೆ ತಿರುಗಿದರು.

“ನಿಂಗವ್ವ, ಇದರಾಗ ವಿಮಾನಕ್ಕ ಮನಿ ಅದಾವ. ಮಂದಿಗೆ ಮನಿ ಇಲ್ಲ.”

ಮುಂದೆ ಮಾಡಿಕೊಡುತ್ತೇವೆ, ಅಲ್ಲಿಯವರೆಗೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಅಂದರಂತೆ ಜೋಡಿಸಿದವರು.

ಅದಾಗಿ ತಿಂಗಳೊಳಗೆ ಬೋರ್ಕರ್ ಸಾಹೇಬರು ಎದೆನೋವಿನಿಂದ ಸತ್ತರು. ಮಡಗಾಂವಿನ ಅವರ ಮನೆಗೆ ಹೋಗಿ ಮುಖ ನೋಡಿ ಬಂದೆ. ಬಾಯಲ್ಲಿ ಲವಂಗ ಇರಲಿಲ್ಲ, ತುಳಸಿ ಇತ್ತು.

ಸ್ವಲ್ಪ ದಿನ ಹಲಗೆ, ಯಂತ್ರ ಎರಡೂ ನಡೆದವು. ಆಮೇಲೆ ಹಲಗೆಯನ್ನು ಮೆಟ್ಟಿಲ ಬುಡದ ಸ್ಟೋರಿಗೆ ಹಾಕಿ ಬೀಗ ಹಾಕಿದರು. ಕೀಲಿಕೈ ನನ್ನ ಎಲೆಅಡಿಕೆಯ ಸಂಚಿಯಲ್ಲಿ. ಹರಿದದ್ದು ಮುರಿದದ್ದೆಲ್ಲ ಎಸೆದುಬಿಡು ಅಂದರು. ಎಸೆದೆ. ಆ ಕೆಂಪು ಪಟ್ಟಿಯನ್ನು ಮಾತ್ರ ಎಸೆಯಲಿಲ್ಲ. ಒಣಗಿದ ಒಳ್ಳೆಯ ಕಟ್ಟಿಗೆ. ಒಣ ಕಟ್ಟಿಗೆ ಕಂಡರೆ ನಮ್ಮ ಕಡೆಯ ಹೆಂಗಸರು ತಿಪ್ಪೆಗೆ ಹಾಕುವುದಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಒಲೆಗೆ ಹಾಕಿದೆ. ಕಸ್ತೂರಿಯ ಸ್ನಾನಕ್ಕೆ ನೀರು ಕಾಯಿಸಿದೆ. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ನಾರಿತು. ನಾನೇ ಊದುಗೊಳವೆಯಿಂದ ಊದಿದೆ. ಬೂದಿಯಾಗುವ ತನಕ ಮುಂದೆಯೇ ಕೂತಿದ್ದೆ. ಇದನ್ನು ನೆನಪಿಡಿ.

ಮರುದಿನದ ರಾತ್ರಿ ಪಾಳಿ. ಯಂತ್ರ ಒಂದೇ ನಡೆಯುವ ಮೊದಲನೆಯ ರಾತ್ರಿ.

ಕೂತಿದ್ದವರು ಸಾವಂತ್ ಸಾಹೇಬರು. ಪುಣೆಯ ಕಡೆಯ ಹುಡುಗ ಪ್ರಾಯದವರು. ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ, ನಮ್ಮ ಮಾತೆಲ್ಲ ಹಿಂದಿಯಲ್ಲಿ. ಕೆಟ್ಟ ಮನುಷ್ಯ ಅಲ್ಲ. ಜೊತೆಗೆ ಇರಬೇಕಾದ ಇನ್ನೊಬ್ಬರು, ಯಂತ್ರ ಇದೆಯಲ್ಲ ಅಂತ ಕೆಳಗಿನ ಕೋಣೆಯಲ್ಲಿ ಮಲಗಿಬಿಟ್ಟಿದ್ದರು.

ನಡುರಾತ್ರಿ ದಾಟಿ ಒಂದು ವಿಮಾನ ಇಳಿಯಿತು. ಸ್ವಲ್ಪ ಹೊತ್ತಿಗೆ ರುದ್ರಪ್ಪನ ಫೋನು ಬಂತು. ಕಡಲ ಕಡೆಯ ತುದಿಯಲ್ಲಿ ಗುಂಡಿ ಬಿದ್ದಿದೆ, ಏಳು ಮಂದಿ ಇಳಿಯುತ್ತೇವೆ ಅಂತ. ಸಾಹೇಬರು ಪರದೆ ನೋಡಿದರು. ಮುಂದಿನ ವಿಮಾನಕ್ಕೆ ಇನ್ನೂ ಬಹಳ ಹೊತ್ತಿತ್ತು. ಹೋಗಿ ಅಂದರು. ಸಾತ್ ಆದ್ಮಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟರು.

ನಾನು ಚಹಾ ತಂದೆ. ಮೊದಲು ಹಲಗೆ ಇದ್ದ ಜಾಗವೆಲ್ಲ ಈಗ ಖಾಲಿ, ಸಪಾಟು. ಸಾಹೇಬರ ಕೈಗೆ ಸಿಗುವ ಹಾಗೆ ಅಲ್ಲೇ ಕಪ್ಪು ಇಟ್ಟು ಕೆಳಗಿಳಿದೆ.

ಮೆಟ್ಟಿಲು ಗುಡಿಸುತ್ತ ಬಂದೆ. ಹೊರಗೆ ಇಬ್ಬನಿ. ಒದ್ದೆ ಹುಲ್ಲಿನ ವಾಸನೆ, ವಿಮಾನದ ಎಣ್ಣೆಯ ವಾಸನೆ. ಎಲ್ಲೂ ಒಂದು ಹುಳದ ಸದ್ದೂ ಇಲ್ಲ. ಕೊನೆಯ ಮೆಟ್ಟಿಲಿಗೆ ಬಂದಿದ್ದೆ.

ಸ್ಟೋರಿನ ಒಳಗೆ... ಟಕ್.

ಹೆಗ್ಗಣ ಅಂದುಕೊಂಡೆ. ಕಸಬರಿಗೆ ನಿಲ್ಲಿಸಲಿಲ್ಲ.

ಮತ್ತೆ ಟಕ್. ಮೊದಲಿಗಿಂತ ಕೆಳಗಿನಿಂದ.

ಹನ್ನೆರಡು ವರ್ಷ ಕೇಳಿದ ಸದ್ದು ಅದು. ಪಟ್ಟಿ ಮನೆಯಿಂದ ಮನೆಗೆ ಇಳಿಯುವ ಸದ್ದು. ಹೆಗ್ಗಣಕ್ಕೆ ಆ ಲೆಕ್ಕ ಬರುವುದಿಲ್ಲ. ನಡುವೆ ಎಷ್ಟು ಹೊತ್ತು ಬಿಡಬೇಕೋ ಅಷ್ಟೇ ಬಿಟ್ಟು ಮೂರನೆಯ ಸಲ ಟಕ್ ಅಂತು.

ಬಾಗಿಲ ಸಂದಿಯಿಂದ ಲವಂಗದ ವಾಸನೆ ಬಂತು.

ನಾನು ದೇವರ ಹೆಸರು ಹೇಳಲಿಲ್ಲ. ಸಂಚಿಯಿಂದ ಕೀಲಿಕೈ ತೆಗೆದು ಬೀಗ ತೆಗೆದೆ. ಒಳಗೆ ದೀಪ ಇಲ್ಲ, ಮೆಟ್ಟಿಲ ದೀಪದ ಬೆಳಕು ಓರೆಯಾಗಿ ಬೀಳುತ್ತಿತ್ತು. ಹಲಗೆಯ ಮೇಲೆ ಹೊದಿಸಿದ್ದ ತಾಡಪತ್ರಿ ನೆಲಕ್ಕೆ ಜಾರಿತ್ತು. ಮನೆಗಳೆಲ್ಲ ಖಾಲಿ. ಎಲ್ಲಕ್ಕಿಂತ ಕೆಳಗಿನ ಮನೆಯಲ್ಲಿ ಮಾತ್ರ...

ಕೆಂಪು ಪಟ್ಟಿ.

ನಾನು ಸುಟ್ಟದ್ದು. ತಗಡಿನ ಕಟ್ಟು ಸಮೇತ ಅದೇ. ಮೇಲೆ ಸುಣ್ಣದ ಅಂಕಿ. ಅಂಕಿ ನನಗೆ ಬರುತ್ತದೆ, ಬಸ್ಸಿನ ನಂಬರು ನೋಡಿ ಕಲಿತದ್ದು. ಆರು ಅಂತ ಬರೆದಿತ್ತು.

ಏಳು ಮಂದಿ ಇಳಿದಿದ್ದಾರಲ್ಲ, ಇದು ತಪ್ಪು ಅಂತ ಮೊದಲು ಅನ್ನಿಸಿತು. ಎಷ್ಟೇ ಮಂದಿ ಇರಲಿ, ಕೆಂಪು ಕೂತಿದೆ, ನನ್ನ ಮಗಳು ರನ್‌ವೇ ಮೇಲಿದ್ದಾಳೆ ಅಂತ ಆಮೇಲೆ ಹೊಳೆಯಿತು. ಅಷ್ಟರಲ್ಲಿ ದೂರದಲ್ಲಿ, ಸಮುದ್ರದ ಕಡೆಯಿಂದ, ಗುಂಯ್ ಅಂತ ಸದ್ದು ಕೇಳಿಸಿತು. ಯಾವ ವಿಮಾನವೂ ಬರುವ ಹೊತ್ತಲ್ಲ ಅದು.

ಪಟ್ಟಿಯನ್ನು ಕಿತ್ತುಕೊಂಡೆ. ಈಗಷ್ಟೇ ಒಲೆಯಿಂದ ತೆಗೆದ ಹಾಗೆ ಬಿಸಿಯಾಗಿತ್ತು. ಐವತ್ತೆರಡು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ.

ಸಾವಂತ್ ಸಾಹೇಬರು ಕಿವಿಗೆ ಯಂತ್ರ ಹಾಕಿಕೊಂಡು ವಿಮಾನದವರ ಜೊತೆ ಮಾತಾಡುತ್ತಿದ್ದರು. ಅವರು ಹಾಗೆ ಮಾತಾಡುವಾಗ ನಾವು ಕೆಮ್ಮಲೂಬಾರದು. ಹನ್ನೆರಡು ವರ್ಷದಲ್ಲಿ ನಾನು ಒಂದು ಸಲವೂ ಬಾಯಿ ಹಾಕಿರಲಿಲ್ಲ. ಆಗಲೂ ಬಾಯಿ ತೆರೆಯಲಿಲ್ಲ. ಕೈಯಲ್ಲಿದ್ದುದನ್ನು ಪರದೆಯ ಮೇಲೆ, ಅವರ ಕಣ್ಣ ಮುಂದೆ ಒತ್ತಿ ಹಿಡಿದೆ.

ಅವರು ಸಿಟ್ಟಿನಿಂದ ನನ್ನ ಕೈ ತಳ್ಳಿದರು. ತಳ್ಳಿದವರು ಹಾಗೆಯೇ ನಿಂತರು. ಹಿಂದಕ್ಕೆ ತಿರುಗಿ ಕೋಣೆಯೆಲ್ಲ ನೋಡಿದರು. ಮೇಜನ್ನು ತಡಕಾಡಿದರು. ಆಮೇಲೆ ಚಹಾದ ಕಪ್ಪು ಎತ್ತಿದರು.

ಕಪ್ಪಿನ ಕೆಳಗೆ ಚೀಟಿ ಇತ್ತು. ಚಹಾದ ದುಂಡನೆಯ ಕಲೆ, ಕಲೆಯ ನಡುವೆ ಏಳು.

ಆ ಚೀಟಿಯ ಮೇಲೆ ಕಪ್ಪು ಇಟ್ಟವಳು ನಾನು.

ಸಾಹೇಬರು ವಿಮಾನದವರಿಗೆ ಇಂಗ್ಲಿಷಿನಲ್ಲಿ ಕೂಗಿದರು, ಎರಡು ಸಲ ಅದೇ ಮಾತು. ಗಾಜಿನಾಚೆ ವಿಮಾನದ ದೀಪಗಳು ಗುಡ್ಡದ ಅಂಚಿಗೆ ಬಂದುಬಿಟ್ಟಿದ್ದವು. ಆ ತುದಿಯಲ್ಲಿ ನಮ್ಮವರ ಕಂದೀಲುಗಳು, ನೆಲಕ್ಕೆ ಅಂಟಿದ ಸಣ್ಣ ಸಣ್ಣ ಬೆಳಕು. ಸಾಹೇಬರು ದೊಡ್ಡ ಕೈದೀಪ ಎತ್ತಿ ಅತ್ತ ಕೆಂಪು ಬೆಳಕು ಬಿಟ್ಟು ಆರಿಸಿ, ಬಿಟ್ಟು ಆರಿಸಿ ಮಾಡಿದರು. ರನ್‌ವೇ ಬಿಟ್ಟು ಓಡಿ ಅಂತ ಅದರ ಅರ್ಥ. ಕಂದೀಲುಗಳು ದಿಕ್ಕಾಪಾಲಾದವು. ವಿಮಾನ ಅವುಗಳ ಮೇಲೆ ಬಂತು... ಬಂತು... ಮೂತಿ ಎತ್ತಿತು. ಗಾಜುಗಳೆಲ್ಲ ಗಡಗಡ ಅಂದವು. ಇಳಿಯದೆ ಮೇಲಕ್ಕೆ ಹೋಯಿತು.

ಯಂತ್ರ ಕೆಟ್ಟಿರಲಿಲ್ಲ. ಒಂದು ವಿಮಾನ ತಡವಾಯಿತು ಅಂತ ಹಿಂದಿನದನ್ನು ಮುಂದಕ್ಕೆ ತಂದಿತ್ತು, ಅಷ್ಟೇ. ಅದಕ್ಕೇ ಅಲ್ಲವೇ ಅದನ್ನು ತಂದದ್ದು. ಖಾಲಿ ಜಾಗ ಕಂಡಲ್ಲಿ ವಿಮಾನ ತುಂಬುವುದು ಅದರ ಕೆಲಸ. ರನ್‌ವೇ ಖಾಲಿ ಅಂತ ಅದು ತಿಳಿದಿತ್ತು.

ಫೋನು ಹೊಡೆದುಕೊಂಡಿತು. ಸಾಹೇಬರು ಎತ್ತಿದರು, ಕೇಳಿದರು, ನನ್ನ ಮುಖ ನೋಡಿದರು. ಛೇ ಆದ್ಮಿ ಅಂದರು. ಆರು.

ಯಾರಿಲ್ಲ ಅಂತ ಕೇಳಬೇಕಿತ್ತು. ನಾನು ಕೇಳಲಿಲ್ಲ. ಕೆಳಗಿಳಿದು ಟವರಿನ ಮುಂದೆ ನಿಂತೆ.

ಜೀಪು ಬಂತು. ದೀಪದ ಬೆಳಕಿನಲ್ಲಿ ಒಬ್ಬೊಬ್ಬರೇ ಇಳಿದರು. ರುದ್ರಪ್ಪ. ಅವನ ತಮ್ಮ. ಆಮೇಲೆ ಇಬ್ಬರು ಗಂಡಸರು, ಒಬ್ಬಾಕೆ. ಐದು. ಜೀಪಿನಲ್ಲಿ ಇನ್ನು ಯಾರೂ ಅಲುಗಲಿಲ್ಲ. ಆಮೇಲೆ ಹಿಂದಿನಿಂದ ಡಾಂಬರಿನ ಕೈ ಒಂದು ಬಂದು ಜೀಪಿನ ಪಟ್ಟಿ ಹಿಡಿಯಿತು. ಕಸ್ತೂರಿ. ಒಂದು ಕಾಲಿನ ಚಪ್ಪಲಿ ಇರಲಿಲ್ಲ.

“ಹಣಮಪ್ಪ ಕಾಕಾ ಇಲ್ಲ, ಯವ್ವಾ” ಅಂದಳು. “ನಾ ಅವನ ಕೈ ಹಿಡದಿದ್ನಿ. ಬಿಟ್ಟೋತು.”

ನನಗೆ ಸಂತೋಷವಾಯಿತು. ಇನ್ನೊಬ್ಬರ ಮನೆಯ ಸಾವಿನ ಸುದ್ದಿ ಕೇಳಿ ನನಗೆ ಸಂತೋಷವಾಯಿತು. ಮುಚ್ಚಿಟ್ಟು ಏನು ಮಾಡಲಿ.

ವಿಮಾನ ಹಣಮಪ್ಪನನ್ನು ಮುಟ್ಟಿರಲಿಲ್ಲ. ಕಿವಿ ಕೇಳದವನು ಮಂದಿ ಓಡುವುದನ್ನು ನೋಡಿ ಎದ್ದಿದ್ದ. ಕತ್ತಲಲ್ಲಿ ರನ್‌ವೇ ಪಕ್ಕದ ಕಾಂಕ್ರೀಟು ಗಟಾರಕ್ಕೆ ತಲೆಕೆಳಗಾಗಿ ಬಿದ್ದು ಕತ್ತು ಮುರಿದಿತ್ತು. ಅವನ ಕಂದೀಲು ಮಾತ್ರ ದಂಡೆಯ ಮೇಲೆ ನೆಟ್ಟಗೆ ನಿಂತು ಉರಿಯುತ್ತಿತ್ತಂತೆ. ಮೂತ್ರಕ್ಕೆ ಹೋದಾಗ ಕಾಲು ಜಾರಿದ ಅಂತ ಕಾಗದದಲ್ಲಿ ಬರೆದರು. ಹೆಣವನ್ನು ಮಡಗಾಂವಿಗೆ ಒಯ್ದರು. ಅವನ ಮಗ ಕುಂಡಯಿಯಲ್ಲಿ ಕಾರಖಾನೆಗೆ ಹೋಗುತ್ತಿದ್ದ. ಅವನನ್ನು ಕರೆತರಲು ರುದ್ರಪ್ಪನೇ ಹೋದ. ಕಪ್ಪಿನ ಮಾತನ್ನು ಹಣಮಪ್ಪನ ಮನೆಯವರಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಈಗ ಹೇಳಿದ ಹಾಗಾಯಿತು.

ಅಧಿಕಾರಿಗಳು ಬರುವ ಮೊದಲು ಸಾವಂತ್ ಸಾಹೇಬರು ನನ್ನನ್ನು ಮೇಲೆ ಕರೆದರು. ಪರದೆಯ ಗಾಜಿನ ಮೇಲೆ ಕರಿಯ ಬೂದಿಯ ಗೆರೆ ಇತ್ತು. ಕರವಸ್ತ್ರದಿಂದ ಒರೆಸುತ್ತಿದ್ದರು. ಆ ಪಟ್ಟಿ ಎಲ್ಲಿಟ್ಟಿರಿ ಅಂತ ಕೇಳಿದೆ.

ಯಾವ ಪಟ್ಟಿ ಅಂದರು. ನೀನು ಬರೀ ಕೈ ಇಟ್ಟೆ, ಮಸಿ ಹತ್ತಿದ ಬರಿಗೈ ಅಂದರು.

ಹಾಗಾದರೆ ಕಪ್ಪು ಯಾಕೆ ಎತ್ತಿದಿರಿ ಅಂದೆ.

ಅವರು ಬಾಗಿಲ ಕಡೆ ಒಂದು ಸಲ ನೋಡಿ ಸಣ್ಣ ದನಿಯಲ್ಲಿ ಕೇಳಿದರು, “ಕೌನ್ ಬೋಲಾ, ಬಾಯಿ? ಪೀಛೆ ಸೇ ಕೌನ್ ಬೋಲಾ?”

ಹಿಂದಿನಿಂದ ಮಾತಾಡಿದವರು ಏನು ಅಂದರು ಅಂತ ಕೇಳಿದೆ. ಅವರಿಗೆ ಅರ್ಥ ಗೊತ್ತಿಲ್ಲ. ಕೇಳಿದ ಸದ್ದನ್ನು ಹಾಗೇ ತಡವರಿಸಿ ಹೇಳಿದರು, ಒಂದೊಂದೇ ಅಕ್ಷರ ಜೋಡಿಸಿಕೊಂಡು.

“ಮಂ... ದಿ... ಅ... ದಾ... ರ.”

ನಾನು ಬಾಯಿ ತೆರೆದಿರಲಿಲ್ಲ. ಕೋಣೆಯಲ್ಲಿ ಮೂರನೆಯವರು ಇರಲಿಲ್ಲ.

ಒಳ್ಳೆಯದು ಮಾಡಲು ಬಂದ ಜೀವ ಅನ್ನುತ್ತಾರೆ ಕೇಳಿದವರು. ಇರಬಹುದು. ಬಂದವರಿಗೆ ಆರು ಅಂತ ಮೊದಲೇ ಗೊತ್ತಿತ್ತಲ್ಲ, ಏಳು ಅಂತ ಯಾಕೆ ಬರೆಯಲಿಲ್ಲ? ಏಳು ಬರೆದಿದ್ದರೆ ಏಳೂ ಮಂದಿ ಬರುತ್ತಿದ್ದರೇನು? ಲವಂಗ ಹಾಕಿದ ಅನ್ನ ನಾನು ಆಮೇಲೆ ಉಂಡಿಲ್ಲ.

ಬೆಳಕು ಹರಿಯಿತು. ಮನೆಗೆ ಹೋದೆ. ಎದುರು ಮನೆಯಲ್ಲಿ ಅಳು ನಡೆದಿತ್ತು. ಕಸ್ತೂರಿ ಡಾಂಬರಿನ ಕೈ ತೊಳೆಯದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಲಿಲ್ಲ. ಹಿತ್ತಲಿಗೆ ಹೋಗಿ ಬೂದಿಯ ಗುಂಡಿ ಕೆದಕಿದೆ. ತಗಡಿನ ಕಟ್ಟು ಸಿಕ್ಕಿತು. ಬೆಂಕಿಗೆ ಸೊಟ್ಟಗಾಗಿ, ತಣ್ಣಗೆ ಬಿದ್ದಿತ್ತು. ಅಂದರೆ ನಾನು ಸುಟ್ಟದ್ದು ಖರೆ.

ಒಂದು ಸೌದೆ ತೆಗೆದುಕೊಂಡು ಅಂಗೈ ಉದ್ದಕ್ಕೆ ಕಡಿದೆ. ಕೆಮ್ಮಣ್ಣಿಗೆ ಎಣ್ಣೆ ಕಲಸಿ ಬಳಿದೆ. ಆ ತಗಡನ್ನು ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿ ತುದಿಗೆ ಹೊಡೆದೆ. ಒಣಗುವವರೆಗೂ ಕಾಯದೆ ಟವರಿಗೆ ಹೋದೆ.

ಸಾವಂತ್ ಸಾಹೇಬರು ಇನ್ನೂ ಅಲ್ಲೇ ಕೂತು ರಾತ್ರಿ ನಡೆದದ್ದನ್ನು ಬರೆದುಕೊಡುತ್ತಿದ್ದರು. ಹೊಸದಾಗಿ ಬಂದ ಸಾಹೇಬರೊಬ್ಬರು ಇದೇನು ಅಂತ ನನ್ನನ್ನು ಗದರಿದರು. ಸಾವಂತ್ ಸಾಹೇಬರು ಅವರನ್ನು ಸುಮ್ಮನಿರಿಸಿದರು. ಕಟ್ಟಿಗೆಯನ್ನು ತೆಗೆದುಕೊಂಡು ಪರದೆಗೆ ಅಡ್ಡ, ಅದನ್ನು ಸರಿಸದೆ ಯಾರೂ ಪರದೆ ಓದಲಾಗದ ಹಾಗೆ ನಿಲ್ಲಿಸಿದರು. ಅವರ ಕೈಗೆ ಕೆಂಪು ಹತ್ತಿತು. ಸುಣ್ಣದ ಕಡ್ಡಿ ಹುಡುಕಿ ಎಷ್ಟು ಬರೆಯಲಿ ಅಂತ ಕೇಳಿದರು.

ಈಗ ರನ್‌ವೇ ಮೇಲೆ ಯಾರೂ ಇಲ್ಲ, ಸಂಜೆಗೆ ಗ್ಯಾಂಗಿನವರು ಬಂದ ಮೇಲೆ ಎಣಿಸಿ ಬರೆಯಿರಿ ಅಂದೆ.

ಆಮೇಲೆ ಮೇಜಿನ ಮೇಲಿದ್ದ ಚಹಾದ ಕಪ್ಪುಗಳನ್ನೆಲ್ಲ ಎತ್ತಿಕೊಂಡು ಕೆಳಗಿಳಿದೆ. ಮೆಟ್ಟಿಲು ಎಣಿಸುತ್ತ ಇಳಿದೆ. ಐವತ್ತೊಂದು, ಐವತ್ತೆರಡು. ಸ್ಟೋರಿನ ಬಾಗಿಲು ರಾತ್ರಿ ನಾನು ಬಿಟ್ಟು ಓಡಿದ ಹಾಗೇ ತೆರೆದಿತ್ತು. ಒಳಗೆ ನೋಡಲಿಲ್ಲ. ಕಪ್ಪುಗಳನ್ನು ನೆಲದ ಮೇಲಿಟ್ಟು, ಮುಖ ಆಚೆ ತಿರುಗಿಸಿಕೊಂಡು, ಕೈಯಿಂದ ತಡವಿ ಬೀಗ ಹಾಕಿದೆ.